ಚೀಟಿ ಮನೆ ಮುಟ್ಟಿತು, ಮದ್ದು ಮುಟ್ಟಲಿಲ್ಲ

ಹುಡುಗನಿಗೆ 12 ವರ್ಷ. ಅಲ್ಲಿಯವರೆಗೆ ಯಾವ ಶಾಲೆಯೂ ಅವನನ್ನು ಸೇರಿಸಿಕೊಂಡಿರಲಿಲ್ಲ. ಯಾಕೋ ಎಂದು ಕೇಳಿದರೆ, "ಹೋದಾಗಲೆಲ್ಲ ಟೀಚರು ಮನೆಗೆ ಕಳಿಸ್ತಾರೆ" ಅನ್ನುವ ಅರ್ಥದ ಮಾತೇ ಅವನ ಉತ್ತರ. ತಲೆಯಲ್ಲಿ ಹುಣ್ಣು. ಧರ್ಮಾಸ್ಪತ್ರೆಯವರು ಮುಲಾಮು ಕೊಟ್ಟಿದ್ದರು, ಮನೆಯಲ್ಲಿ ಮುಲಾಮು ಇತ್ತು, ತಲೆಯಲ್ಲಿ ಹುಣ್ಣೂ ಹಾಗೇ ಇತ್ತು.

ಊರು ನ್ಯೂಯಾರ್ಕ್, ಬಡಾವಣೆ ಲೋವರ್ ಈಸ್ಟ್ ಸೈಡ್, ಕಾಲ 1890ರ ದಶಕ. ಈ ಹುಡುಗನ ಹೆಸರನ್ನೂ, ಮುಂದೆ ಬರುವ ಶಾಲೆಗಳ, ಮುಖ್ಯೋಪಾಧ್ಯಾಯಿನಿಯ, ಶಸ್ತ್ರವೈದ್ಯರ ಗುರುತನ್ನೂ ಬೇಕೆಂದೇ ಬಿಟ್ಟಿದ್ದೇನೆ. ಸಾರ್ವಜನಿಕ ಬದುಕಿನಲ್ಲಿದ್ದ ಕೆಲವರ ಹೆಸರು ಮಾತ್ರ ಬರುತ್ತದೆ. ಅವರನ್ನು ಬಿಟ್ಟರೆ ಕಥೆ ನಡೆಯುವುದಿಲ್ಲ.

1893ರಲ್ಲಿ ಲಿಲಿಯನ್ ವಾಲ್ಡ್ ಎಂಬ ನರ್ಸ್ ತಮ್ಮ ಗೆಳತಿ ಮೇರಿ ಬ್ರೂಸ್ಟರ್ ಜೊತೆ ಇದೇ ಬಡಾವಣೆಯ ಜೆಫರ್ಸನ್ ಬೀದಿಗೆ ಬಂದು, ಒಂದು ವಠಾರದ ತುತ್ತತುದಿಯ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ಹುಡುಗ ಅವರ ಕಣ್ಣಿಗೆ ಬಿದ್ದ. ವಾಲ್ಡ್ ಹೊಸ ಔಷಧಿಯನ್ನೇನೂ ತರಲಿಲ್ಲ. ಅದೇ ಧರ್ಮಾಸ್ಪತ್ರೆಯ ಮುಲಾಮನ್ನು ಹಚ್ಚಬೇಕಾದ ರೀತಿಯಲ್ಲಿ, ಬಿಡದೆ ಹಚ್ಚಿದರು. ಹುಣ್ಣು ಒಣಗಿತು. ಸೆಪ್ಟೆಂಬರಿನಲ್ಲಿ ಹುಡುಗನಿಗೆ ಶಾಲೆ ಸಿಕ್ಕಿತು. ಸೇರಿದ ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವನು ಐದು ಮಹಡಿ ಮೆಟ್ಟಿಲು ಓಡಿಕೊಂಡು ಹತ್ತಿ ವಾಲ್ಡ್ ಮನೆಗೆ ಬಂದ. ಬೆಳಿಗ್ಗೆ ಕಲಿತ ಪುಟ್ಟ ಪುಟ್ಟ ಪದಗಳ ಸ್ಪೆಲಿಂಗ್ ಒಪ್ಪಿಸಬೇಕಿತ್ತು, ಅಷ್ಟೇ.

ಶಾಲಾ ಆರೋಗ್ಯದ ಬಗ್ಗೆ ಮಾತಾಡುವಾಗ ನಾನು ಮೊದಲು ಹೇಳುವುದು ಈ ಹುಡುಗನ ಕಥೆಯನ್ನೇ. ಕಾಯಿಲೆ ಯಾವುದೆಂದು ಗೊತ್ತಿತ್ತು, ಮದ್ದು ಇತ್ತು, ಶಾಲೆ ಕೂಗಳತೆಯಲ್ಲಿತ್ತು. ಆದರೂ ಹನ್ನೆರಡು ವರ್ಷ ಕಳೆದಿತ್ತು.

ಹಿನ್ನೆಲೆ

ಅಮೆರಿಕದಲ್ಲಿ ಶಾಲೆಗೆ ವೈದ್ಯರು ಕಾಲಿಟ್ಟಿದ್ದು ಮಕ್ಕಳಿಗೆ ಚಿಕಿತ್ಸೆ ಕೊಡಲಿಕ್ಕಲ್ಲ, ಸೋಂಕು ಹಿಡಿಯಲಿಕ್ಕೆ. 1894ರಲ್ಲಿ ಬಾಸ್ಟನ್ನಿನಲ್ಲಿ ಗಂಟಲಮಾರಿ ಹಬ್ಬಿದಾಗ ಅಲ್ಲಿಯ ಆರೋಗ್ಯ ಇಲಾಖೆ ಶಾಲೆಗಳಿಗೆ ವೈದ್ಯರನ್ನು ಕಳಿಸಿತು. 1897ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು. ಟೀಚರು ಅನುಮಾನ ಪಟ್ಟು ಎತ್ತಿ ಕೂರಿಸಿದ ಮಕ್ಕಳನ್ನು ವೈದ್ಯರು ನೋಡುವುದು, ಸೋಂಕಿದ್ದರೆ ಮನೆಗೆ ಕಳಿಸುವುದು, ಅಲ್ಲಿಗೆ ಅವರ ಕೆಲಸ ಮುಗಿಯಿತು.

ಬಡಾವಣೆಯಲ್ಲಿ ಹೆಚ್ಚಿನವರು ರಷ್ಯಾ ಮತ್ತು ಪೂರ್ವ ಯೂರೋಪಿನಿಂದ ಹಡಗು ಹತ್ತಿ ಬಂದ ಯಹೂದಿಗಳು. ಮನೆಮಾತು ಯಿಡ್ಡಿಷ್, ಕಸುಬು ಹೊಲಿಗೆ. ಅಡುಗೆ, ನಿದ್ದೆ, ಹೊಲಿಗೆ ಎಲ್ಲ ಒಂದೆರಡು ಕೋಣೆಯಲ್ಲೇ ಆಗಬೇಕು. ಹೇನು, ಕಜ್ಜಿ, ಹುಳುಕಡ್ಡಿಗಳಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿರಲಿಲ್ಲ.

ಜೊತೆಗೆ ಕಣ್ಣಿನ ಕಾಯಿಲೆ ಟ್ರಕೋಮಾ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮುಂದಿನ ಭಯಕ್ಕೆಲ್ಲ ಇದು ಬೇರು. ಟ್ರಕೋಮಾ ಇದ್ದವರನ್ನು ದೇಶದೊಳಗೆ ಬಿಡಬಾರದು ಎಂದು 1897ರಲ್ಲೇ ನಿಯಮವಾಗಿತ್ತು. ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದವರು ಸಾಲಾಗಿ ಬರುವಾಗ ವೈದ್ಯರು ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದಲೋ ಬೆರಳಿನಿಂದಲೋ ರೆಪ್ಪೆ ಮಗುಚಿ ನೋಡುತ್ತಿದ್ದರು. ರೆಪ್ಪೆಯ ಒಳಗೆ ಗುಳ್ಳೆ ಕಂಡರೆ ಬಂದ ದಾರಿಗೇ ವಾಪಸ್ಸು. ತಾಯಿಗೆ ಪ್ರವೇಶ, ಮಗುವಿಗಿಲ್ಲ ಎನ್ನುವ ಸಂದರ್ಭವೂ ಬರುತ್ತಿತ್ತು. ಹೀಗೆ ದಾಟಿ ಬಂದ ಹೆಂಗಸಿಗೆ, ಶಾಲೆಯಲ್ಲಿ ಡಾಕ್ಟರು ಮಗನ ಕಣ್ಣು ನೋಡಿ ಹೊರಗೆ ಕಳಿಸಿದರು ಎಂಬ ಸುದ್ದಿ ಬರೀ ಕಣ್ಣು ಬೇನೆಯ ಸುದ್ದಿಯಾಗಿ ಕೇಳಿಸುವುದು ಸಾಧ್ಯವೇ?

ಸಮಸ್ಯೆ

1902ರಲ್ಲಿ ಹೊಸ ಮೇಯರ್ ಬಂದರು, ಹೊಸ ಆರೋಗ್ಯ ಆಯುಕ್ತರಾಗಿ ಅರ್ನ್‌ಸ್ಟ್ ಲೆಡರ್ಲೆ ಬಂದರು. ಅಲ್ಲಿಯವರೆಗೆ ತಪಾಸಣೆ ಹೆಸರಿಗಷ್ಟೇ ಇತ್ತು, ಈಗ ಬಿಗಿಯಾಯಿತು. ಮಕ್ಕಳು ಒಬ್ಬೊಬ್ಬರಾಗಿ ವೈದ್ಯರ ಮುಂದೆ ಹಾದುಹೋಗಬೇಕು. ವೈದ್ಯರು ಬೆಳಕಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಮಗುವನ್ನು ಮುಟ್ಟುವುದಿಲ್ಲ. ಮಗುವೇ ತನ್ನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸಬೇಕು, ಬಾಯಿ ತೆರೆಯಬೇಕು, ಕೈ ಚಾಚಬೇಕು. ಸೋಂಕು ಹರಡದಿರಲೆಂದು ಮಾಡಿದ ಏರ್ಪಾಡು, ಅದರಲ್ಲಿ ತಪ್ಪು ಹುಡುಕುವ ಹಾಗಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. 1902ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ನ್ಯೂಯಾರ್ಕಿನ ಶಾಲೆಗಳಿಂದ ಹೊರಗೆ ಕಳಿಸಿದ ಮಕ್ಕಳು 10,567.

ಪ್ರತಿ ಮಗುವಿನ ಕೈಯಲ್ಲೂ ಒಂದು ಚೀಟಿ, ಅದರ ಮೇಲೆ ಕಾಯಿಲೆಯ ಹೆಸರು. ಹೇನಿಗೆ ವೈದ್ಯರು ಹೇನು ಅನ್ನುವುದಿಲ್ಲ, ಪೆಡಿಕ್ಯುಲೋಸಿಸ್ ಅನ್ನುತ್ತಾರೆ. ಯಿಡ್ಡಿಷ್ ಆಡುವ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ಶಾಲೆಗೆ ಹೋಗುವ ಆ ಹುಡುಗನೊಬ್ಬನೇ, ಅವನಿಗೂ ಆ ಪದ ಗೊತ್ತಿಲ್ಲ. ಗೊತ್ತಾದರೂ ಮುಂದೇನು? ಹಗಲಿಡೀ ಹೊಲಿಗೆಯ ಮುಂದೆ ಕೂತರೆ ಮಾತ್ರ ಊಟ. ಧರ್ಮಾಸ್ಪತ್ರೆಗೆ ಹೋದರೆ ಸರದಿಯಲ್ಲೇ ಒಂದು ದಿನದ ಕೂಲಿ ಹೋಗುತ್ತದೆ.

ಇನ್ನೂ ಒಂದು ವಿಚಿತ್ರವನ್ನು ವಾಲ್ಡ್ ಗಮನಿಸಿದರು. ಟ್ರಕೋಮಾ ಎಂದು ಹೊರಗೆ ಹಾಕಿದ ಹುಡುಗ ಶಾಲೆ ಬಿಡುವ ಹೊತ್ತಿಗೆ ಬೀದಿಯಲ್ಲಿ ಕಾದಿದ್ದು, ಅದೇ ತರಗತಿಯ ಗೆಳೆಯರ ಜೊತೆ ಮೈಗೆ ಮೈ ತಾಗಿಸಿಕೊಂಡು ಆಡುತ್ತಿದ್ದ. ಸೋಂಕು ತಡೆಯುವ ಲೆಕ್ಕದಲ್ಲೂ ಈ ವ್ಯವಸ್ಥೆ ಸೋತಿತ್ತು. ಪಾಠ ತಪ್ಪಿದ್ದಷ್ಟೇ ಬಂದ ಲಾಭ.

ಒಂದು ತಿಂಗಳ ಪ್ರಯೋಗ

ಈ ಹೊತ್ತಿಗೆ ವಾಲ್ಡ್ ಅವರ ಗುಂಪು ಹೆನ್ರಿ ಬೀದಿಯಲ್ಲಿ ನೆಲೆ ನಿಂತಿತ್ತು. ಮನೆ ಮನೆಗೆ ಹೋಗುವ ನರ್ಸುಗಳು ಅಲ್ಲಿ ಇದ್ದರು. ನಮ್ಮ ನರ್ಸ್ ಒಬ್ಬರನ್ನು ಒಂದು ತಿಂಗಳ ಮಟ್ಟಿಗೆ ಶಾಲೆಗಳಿಗೆ ಕೊಡುತ್ತೇವೆ, ಸಂಬಳ ನಮ್ಮದೇ, ನೋಡಿ ಎಂದು ವಾಲ್ಡ್ ನಗರಾಡಳಿತಕ್ಕೆ ಹೇಳಿದರು. ಲಂಡನ್ನಿನಲ್ಲಿ 1890ರ ದಶಕದಲ್ಲೇ ದಾನದ ಹಣದಲ್ಲಿ ಶಾಲೆಗಳಿಗೆ ಹೋಗುವ ನರ್ಸುಗಳಿದ್ದರು, ಆದ್ದರಿಂದ ಯೋಚನೆ ತೀರಾ ಹೊಸದಲ್ಲ.

ಹೊಸದು ಅವರು ಹಾಕಿದ ಷರತ್ತು. ಪ್ರಯೋಗ ಗೆದ್ದರೆ, ವೈದ್ಯರಿಗೆ ಕೊಡುವ ಹಾಗೆ ನರ್ಸಿಗೂ ಸಾರ್ವಜನಿಕ ಹಣದಿಂದ ಸಂಬಳ ಕೊಡಿಸಲು ಪ್ರಯತ್ನಿಸುತ್ತೇವೆ ಎಂದು ಅಧಿಕಾರಿಗಳಿಂದ ಮೊದಲೇ ಮಾತು ಪಡೆದರು. ಇಡೀ ಪ್ರಕರಣದಲ್ಲಿ ಜಾಣ ನಿರ್ಧಾರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ದಾನಿಗಳ ದುಡ್ಡಿನಲ್ಲಿ ಚೆನ್ನಾಗಿ ನಡೆದು, ದಾನಿ ಬೇಸತ್ತ ದಿನವೇ ಬಾಗಿಲು ಮುಚ್ಚಿದ ಎಷ್ಟು ಪೈಲಟ್ ಯೋಜನೆಗಳನ್ನು ನಾವು ಕಂಡಿಲ್ಲ! ಗೆದ್ದ ಮೇಲೆ ಹಣ ಕೇಳುವುದಕ್ಕೂ, ಗೆದ್ದರೆ ಕೊಡುತ್ತೀರಾ ಎಂದು ಮೊದಲೇ ಕೇಳುವುದಕ್ಕೂ ತುಂಬ ವ್ಯತ್ಯಾಸವಿದೆ.

1902ರ ಅಕ್ಟೋಬರಿನಲ್ಲಿ ಲೀನಾ ರಾಜರ್ಸ್ ಕೆಲಸ ಶುರು ಮಾಡಿದರು. ಕೆನಡಾದವರು, ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಅವರ ಪಾಲಿಗೆ ನಾಲ್ಕು ಶಾಲೆ. ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಕಿಟಕಿಯ ಕಟ್ಟೆಯೇ ಔಷಧಿ ಜೋಡಿಸುವ ಮೇಜಾಯಿತು. ಬೆಳಿಗ್ಗೆಯಿಂದ ಶಾಲೆಯಿಂದ ಶಾಲೆಗೆ, ಶಾಲೆ ಮುಗಿದ ಮೇಲೆ ಮನೆಯಿಂದ ಮನೆಗೆ.

ಆ ಕಾಲದ ನ್ಯೂಯಾರ್ಕ್ ಶಾಲಾ ನರ್ಸುಗಳ ಚಿಕಿತ್ಸಾ ಪಟ್ಟಿ ಓದಲು ಸ್ವಾರಸ್ಯವಾಗಿದೆ. ಹೇನಿಗೆ ಸೀಮೆಎಣ್ಣೆ ಮತ್ತು ಆಲಿವ್ ಎಣ್ಣೆ ಸಮಸಮ ಬೆರೆಸಿ ತಲೆ ಪೂರ್ತಿ ನೆನೆಯುವಂತೆ ಹಚ್ಚಬೇಕು. ಮರುದಿನ ಕ್ಷಾರದ ನೀರಿನಲ್ಲಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಕೂದಲಿಗೆ ಅಂಟಿಕೊಂಡ ಸೀರು ಬಿಡಲು ವಿನೆಗರ್. (ನಮ್ಮ ಅಜ್ಜಿಯಂದಿರೂ ಸೀಮೆಎಣ್ಣೆ ಹಚ್ಚುತ್ತಿದ್ದವರೇ, ಅಲ್ಲಿ ಸೀಗೆಪುಡಿ ಇರಲಿಲ್ಲ ಅಷ್ಟೇ. ಈಗ ಯಾರೂ ಹಚ್ಚಬೇಡಿ; ಬೆಂಕಿ ತಗಲುವ ಅಪಾಯವಿದೆ, ಒಳ್ಳೆಯ ಔಷಧಿಗಳೂ ಬಂದಿವೆ.) ಕಜ್ಜಿಗೆ ಹಸಿರು ಸೋಪಿನ ದ್ರಾವಣದಿಂದ ಮೈ ಉಜ್ಜಿ ಗಂಧಕದ ಮುಲಾಮು. ಕೀವು ಹುಣ್ಣಿಗೆ ಹಕ್ಕಳೆ ತೆಗೆದು ಪಾದರಸ ಬೆರೆಸಿದ ಬಿಳಿ ಮುಲಾಮು. ಕೆಂಗಣ್ಣಿಗೆ ಬೋರಿಕ್ ದ್ರಾವಣದಿಂದ ತೊಳೆಯುವುದು. ಇದರಲ್ಲಿ ಯಾವುದಕ್ಕೂ ದೊಡ್ಡ ಡಾಕ್ಟರು ಬೇಕಿಲ್ಲ. ಆದರೆ ಯಾವುದೂ ಒಂದು ಸಲ ಹಚ್ಚಿದರೆ ಮುಗಿಯುವುದಲ್ಲ, ಮಾರನೇ ದಿನವೂ ಬೇಕು, ಅದರ ಮಾರನೇ ದಿನವೂ ಬೇಕು.

ಮನೆ ಭೇಟಿಯಲ್ಲಿ ನರ್ಸ್ ಮಾಡುತ್ತಿದ್ದದ್ದು ಚೀಟಿಯನ್ನು ಓದಿ ಹೇಳುವುದಷ್ಟನ್ನೇ ಅಲ್ಲ. ಮಗುವನ್ನು ಬೆಳಕಿಗೆ ಕೂರಿಸಿ, ತಾಯಿಯ ಎದುರಿಗೇ ತಾನೇ ಹಚ್ಚಿ ತೋರಿಸುವುದು. ನಾಳೆ ನೀವು ಮಾಡಿ, ನಾಡಿದ್ದು ಬಂದು ನೋಡುತ್ತೇನೆ ಎನ್ನುವುದು. ನಾಡಿದ್ದು ನಿಜವಾಗಿಯೂ ಬರುವುದು. ಅಂಗಳಕ್ಕೆ ಬಂದ ಸರ್ಕಾರಿ ಮನುಷ್ಯ ದಂಡ ಕೇಳದೆ, ಮಗುವಿನ ತಲೆ ಮುಟ್ಟಿ ತೊಳೆದು ಹೋಗುವುದನ್ನು ಆ ತಾಯಂದಿರು ಅದಕ್ಕೆ ಮುಂಚೆ ನೋಡಿದ್ದಿರಲಾರದು.

ಮೊದಲ ತಿಂಗಳ ಲೆಕ್ಕ: 893 ಮಕ್ಕಳಿಗೆ ಚಿಕಿತ್ಸೆ, 137 ಮನೆ ಭೇಟಿ. ಅಲ್ಲಿಯವರೆಗೆ ಯಾವ ಚಿಕಿತ್ಸೆಯೂ ಸಿಗದೆ ಮನೆಯಲ್ಲಿ ಉಳಿದಿದ್ದ 25 ಮಕ್ಕಳು ಗುಣವಾಗಿ ಶಾಲೆಗೆ ಮರಳಿದರು. ಅಧಿಕಾರಿಗಳು ಮಾತು ಉಳಿಸಿಕೊಂಡರು. ಡಿಸೆಂಬರ್ ಹೊತ್ತಿಗೆ ನಗರದ ಹಣದಲ್ಲೇ ಇನ್ನೂ 12 ನರ್ಸುಗಳು ನೇಮಕವಾದರು.

ಆ ಅಂಕಿ ಹೇಗೆ ಇಳಿಯಿತು?

ಮರು ವರ್ಷ, 1903ರ ಸೆಪ್ಟೆಂಬರಿನಲ್ಲಿ ಶಾಲೆಯಿಂದ ಹೊರಗೆ ಕಳಿಸಿದ ಮಕ್ಕಳ ಸಂಖ್ಯೆ 1,101. ಹತ್ತು ಸಾವಿರದ ಐನೂರು ಚಿಲ್ಲರೆಯಿಂದ ಸಾವಿರದ ನೂರಕ್ಕೆ. ಶಾಲಾ ನರ್ಸಿಂಗ್ ಚರಿತ್ರೆ ಬರೆದವರೆಲ್ಲ ಹೆಮ್ಮೆಯಿಂದ ಹೇಳುವ ಅಂಕಿ ಇದು.

ಹೆಮ್ಮೆ ಪಡಲಿ, ತಪ್ಪಿಲ್ಲ. ಆದರೆ ಇದನ್ನು ಓದಿ "ಒಂದು ವರ್ಷದಲ್ಲಿ ನ್ಯೂಯಾರ್ಕಿನ ಮಕ್ಕಳ ಹೇನು, ಕಜ್ಜಿ ಹತ್ತರಲ್ಲಿ ಒಂಬತ್ತು ಪಾಲು ಮಾಯವಾಯಿತು" ಎಂದುಕೊಂಡರೆ ಮೋಸ ಹೋದಂತೆ. ಬದಲಾದದ್ದು ಕಾಯಿಲೆಗಿಂತ ಹೆಚ್ಚಾಗಿ ನಿಯಮ. ಯಾವುದಕ್ಕೆ ಹೊರಗೆ ಕಳಿಸಲೇಬೇಕು, ಯಾವುದಕ್ಕೆ ಶಾಲೆಯಲ್ಲೇ ಇಟ್ಟುಕೊಂಡು ಮದ್ದು ಮಾಡಬಹುದು ಎಂದು ಬೇರೆ ಮಾಡಿದರು. ಗಂಟಲಮಾರಿ, ಕೆಂಜ್ವರದ ಮಗು ಮನೆಗೆ ಹೋಗಲೇಬೇಕು. ಹೇನಿನ ಮಗು ದಿನಾ ನರ್ಸಿನ ಕೈಗೆ ತಲೆ ಕೊಡುವವರೆಗೆ ಬೆಂಚಿನ ಮೇಲೇ ಕೂರಬಹುದು. ನರ್ಸ್ ಇದ್ದಾರೆ ಎಂಬ ಧೈರ್ಯ ಇಲ್ಲದಿದ್ದರೆ ಈ ನಿಯಮ ಬರೆಯುವ ಹಾಗೇ ಇರಲಿಲ್ಲ, ಅದು ನಿಜ. ಅಂದರೆ ನರ್ಸಿನ ಕೈ ಗುಣಪಡಿಸಿದ್ದು ಕೆಲವರನ್ನು, ಅವರು ಇದ್ದಾರೆ ಎಂಬ ಭರವಸೆ ಶಾಲೆಯಲ್ಲಿ ಉಳಿಸಿದ್ದು ಸಾವಿರಾರು ಮಕ್ಕಳನ್ನು. ಇವೆರಡನ್ನೂ ಒಂದೇ ಅಂಕಿಯಲ್ಲಿ ಕಲಸಿ ಹೇಳಿದರೆ ಪ್ರಯೋಗವನ್ನು ಬೇರೆ ಊರಿನಲ್ಲಿ ನಕಲು ಮಾಡುವವರು ನರ್ಸನ್ನು ನೇಮಿಸಿ ನಿಯಮವನ್ನು ಹಾಗೇ ಬಿಡುತ್ತಾರೆ, ಅಥವಾ ನಿಯಮ ಸಡಿಲಿಸಿ ನರ್ಸನ್ನು ಮರೆಯುತ್ತಾರೆ.

1906ರ ಜೂನ್

ಇದೇ ಬಡಾವಣೆಯಲ್ಲಿ ನಾಲ್ಕು ವರ್ಷ ತುಂಬುವುದರೊಳಗೆ ಕಥೆ ತಿರುಗಿ ಬಿತ್ತು.

1905ರ ಹೊತ್ತಿಗೆ ವೈದ್ಯರ ಕಣ್ಣು ಸೋಂಕಿನಿಂದ ದೇಹದ ಬೇರೆ ಕೊರತೆಗಳ ಕಡೆಗೆ ಹೊರಳಿತ್ತು. ದೃಷ್ಟಿ, ಹಲ್ಲು, ಟಾನ್ಸಿಲ್, ಮೂಗಿನ ಹಿಂದೆ ಬೆಳೆಯುವ ಅಡಿನಾಯ್ಡ್. ಅಡಿನಾಯ್ಡ್ ದಪ್ಪವಾದ ಮಗು ಬಾಯಿಯಲ್ಲಿ ಉಸಿರಾಡುತ್ತದೆ, ಕಿವಿ ಮಂದವಾಗುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ತೆಗೆದರೆ ದಡ್ಡ ಹುಡುಗ ಚುರುಕಾಗುತ್ತಾನೆ ಎಂಬ ನಂಬಿಕೆ ಆಗ ಜೋರಾಗಿತ್ತು.

ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಆಸ್ಪತ್ರೆಗೆ ಹೋಗಲಾರದ ತಾಯ್ತಂದೆಯರಿಗೆ ಅನುಕೂಲವಾಗಲೆಂದು ದೊಡ್ಡ ಆಸ್ಪತ್ರೆಯೊಂದರ ವೈದ್ಯರನ್ನು ಶಾಲೆಗೇ ಕರೆಸಿದರು. ಉದ್ದೇಶ ಒಳ್ಳೆಯದೇ. ಒಪ್ಪಿಗೆ ಚೀಟಿ ಮನೆಗೆ ಹೋಯಿತು, ಸಹಿಯಾಗಿ ವಾಪಸ್ಸು ಬಂತು. ಎಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯಲ್ಲೇ ಅಡಿನಾಯ್ಡ್ ತೆಗೆದರು. ಮಕ್ಕಳು ರಕ್ತ ಉಗುಳುತ್ತಾ, ಮಾತಾಡಲಾಗದೆ ಮನೆಗೆ ಬಂದರು. ಮಗು ಹೀಗೆ ಬರುತ್ತದೆ, ಹೆದರಬೇಡಿ ಎಂದು ಹಿಂದಿನ ಸಂಜೆ ಯಾರಾದರೂ ಮೆಟ್ಟಿಲು ಹತ್ತಿ ಹೋಗಿ ಹೇಳಿದ್ದರೆ ಏನಾಗುತ್ತಿತ್ತೋ. ಸಹಿ ಮಾಡಿದ ತಾಯಿಗೆ ಆ ಕಾಗದದಲ್ಲಿ ಎಷ್ಟು ಅರ್ಥವಾಗಿತ್ತು ಎನ್ನುವುದು ಇನ್ನೊಂದು ಪ್ರಶ್ನೆ.

ಜೂನ್ 27ರಂದು ಸುದ್ದಿ ಹಬ್ಬಿತು: ಶಾಲೆಯಲ್ಲಿ ಡಾಕ್ಟರುಗಳು ಮಕ್ಕಳ ಕತ್ತು ಕೊಯ್ಯುತ್ತಿದ್ದಾರೆ. ಶಾಲು ಹೊದ್ದ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದರು. ಒಂದು ಶಾಲೆಯಲ್ಲ, ಬಡಾವಣೆಯ ಹಲವು ಶಾಲೆಗಳ ಬಾಗಿಲಿಗೆ ನುಗ್ಗಿದರು, ಕಿಟಕಿಗಳಿಗೆ ಕಲ್ಲು ಬಿತ್ತು, ಪೊಲೀಸರು ಬಂದರು. ಮಕ್ಕಳನ್ನು ಹೊರಗೆ ಬಿಟ್ಟು, ಕತ್ತು ನೆಟ್ಟಗಿದೆ ಎಂದು ತಾಯಂದಿರು ಕಣ್ಣಾರೆ ನೋಡಿದ ಮೇಲಷ್ಟೇ ಗದ್ದಲ ತಣ್ಣಗಾಯಿತು.

ಪತ್ರಿಕೆಗಳು ತಾಯಂದಿರ ಅಜ್ಞಾನವನ್ನು ನೋಡಿ ನಕ್ಕವು. ತಮ್ಮ ರೋಗಿಗಳು ಕೈತಪ್ಪುವರೆಂದು ಬಡಾವಣೆಯ ಕೆಲವು ಖಾಸಗಿ ವೈದ್ಯರೇ ಗಾಳಿಸುದ್ದಿ ಹಬ್ಬಿಸಿದರು ಎಂಬ ಅನುಮಾನವೂ ಇತ್ತು. ಇರಬಹುದು. ಆದರೆ ತಾರೀಖು ನೋಡಿ. ರಷ್ಯನ್ ಸಾಮ್ರಾಜ್ಯದ ಬಿಯಾಲಿಸ್ಟಾಕ್ ಊರಿನಲ್ಲಿ ಯಹೂದಿಗಳ ಕಗ್ಗೊಲೆ ನಡೆದು ಇನ್ನೂ ಎರಡು ವಾರ ಆಗಿರಲಿಲ್ಲ. ಈ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಆ ಕಡೆ ನೆಂಟರಿದ್ದರು. ಸಮವಸ್ತ್ರ ಹಾಕಿದವರು ಬಾಗಿಲು ಹಾಕಿಕೊಂಡು ಮಕ್ಕಳನ್ನು ಏನು ಮಾಡಬಲ್ಲರು ಎನ್ನುವುದು ಅವರಿಗೆ ಕಟ್ಟುಕಥೆಯಾಗಿರಲಿಲ್ಲ. ಒಂದೇ ಬಡಾವಣೆ, ಅದೇ ತಾಯಂದಿರು. 1902ರಲ್ಲಿ ಮಗುವಿನ ತಲೆಯನ್ನು ನರ್ಸಿನ ಕೈಗೆ ಕೊಟ್ಟರು, 1906ರಲ್ಲಿ ಶಾಲೆಗೆ ಕಲ್ಲು ಹೊಡೆದರು. ನಡುವೆ ಅವರ ಬುದ್ಧಿ ಕೆಟ್ಟಿತು ಎನ್ನುವುದಕ್ಕಿಂತ, ಒಂದು ಸಲ ನರ್ಸ್ ಮನೆಗೆ ಬಂದಿದ್ದರು, ಇನ್ನೊಂದು ಸಲ ಬರೀ ಕಾಗದ ಬಂದಿತ್ತು ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಆಮೇಲೆ

1908ರಲ್ಲಿ ನ್ಯೂಯಾರ್ಕ್ ಮಕ್ಕಳ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಅದರ ಮುಖ್ಯಸ್ಥೆ ಜೋಸೆಫೀನ್ ಬೇಕರ್, ತಪಾಸಣಾ ವೈದ್ಯೆಯಾಗಿ ಬೀದಿ ಸುತ್ತಿ ಬಂದವರು.

ಅದೇ ವರ್ಷ ಇಂಗ್ಲೆಂಡಿನಲ್ಲೂ ಇದೇ ಪಾಠ ಬೇರೆ ಬಾಗಿಲಿನಿಂದ ಬಂತು. 1907ರ ಕಾಯ್ದೆ ಶಾಲಾಮಕ್ಕಳ ತಪಾಸಣೆಯನ್ನು ಕಡ್ಡಾಯ ಮಾಡಿತು, ಚಿಕಿತ್ಸೆಯನ್ನು ಮಾಡಲಿಲ್ಲ. ಕಾಯಿಲೆಗಳ ಪಟ್ಟಿ ಬೆಳೆಯಿತು. ಬ್ರಾಡ್‌ಫರ್ಡ್ ನಗರ 1908ರಲ್ಲಿ ತನ್ನದೇ ಶಾಲಾ ಕ್ಲಿನಿಕ್ ತೆರೆಯಿತು. ಡಿಸೆಂಬರಿನಲ್ಲಿ ಲಂಡನ್ನಿನ ಬೋ ಎಂಬಲ್ಲಿ ಮಾರ್ಗರೆಟ್ ಮ್ಯಾಕ್‌ಮಿಲನ್ ಒಂದು ಕ್ಲಿನಿಕ್ ಶುರು ಮಾಡಿ, 1910ರಲ್ಲಿ ಡೆಪ್ಟ್‌ಫರ್ಡ್‌ಗೆ ಸಾಗಿಸಿದರು. ಅಲ್ಲಿ ಗುಣವಾಗಿ ಹೋದ ಮಕ್ಕಳು ಅದೇ ಹುಣ್ಣು ಹೊತ್ತು ಮತ್ತೆ ಬರುತ್ತಿದ್ದರು, ಮನೆ ಹಾಗೇ ಇತ್ತಲ್ಲ. ಆಗ ಅವರು ರಾತ್ರಿ ತೆರೆದ ಗಾಳಿಯಲ್ಲಿ ಮಲಗುವ ಶಿಬಿರವನ್ನೇ ತೆರೆದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಚಿಕಿತ್ಸೆ ಕೊಡಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದು ಕಾಯ್ದೆ ಹೇಳಲು 1918 ಬರಬೇಕಾಯಿತು. ಭಾರತದಲ್ಲಿ ಶಾಲಾಮಕ್ಕಳ ಮೊದಲ ವೈದ್ಯಕೀಯ ತಪಾಸಣೆ 1909ರಲ್ಲಿ ಬರೋಡಾದಲ್ಲಿ ನಡೆಯಿತು ಎಂದು ನಮ್ಮ ಪಠ್ಯಗಳು ಹೇಳುತ್ತವೆ. ಇಂದು ನಮ್ಮ ಊರಿನ ಶಾಲೆಗಳಿಗೆ ಬಾಲ ಸ್ವಾಸ್ಥ್ಯ ತಂಡ ಬಂದು ಬರೆದುಕೊಡುವ ರೆಫರಲ್ ಚೀಟಿ ನೋಡಿದಾಗಲೆಲ್ಲ ನನಗೆ ಆ 10,567 ಚೀಟಿಗಳು ನೆನಪಾಗುತ್ತವೆ.

ಟಾನ್ಸಿಲ್ ವಿಷಯ ಒಂದು ಬಾಕಿ ಇದೆ. ದಶಕಗಳು ಕಳೆದವು, ಗದ್ದಲ ಮರೆತುಹೋಯಿತು, ಟಾನ್ಸಿಲ್ ತೆಗೆಯುವುದು ಅಮೆರಿಕದ ಮಕ್ಕಳಿಗೆ ಸಾಮಾನ್ಯ ಸಂಗತಿಯಾಯಿತು. 1934ರಲ್ಲಿ ನ್ಯೂಯಾರ್ಕಿನ ಶಾಲೆಗಳ 11 ವರ್ಷದ 1,000 ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. 611 ಮಕ್ಕಳಿಗೆ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರು ನೋಡಿ 174 ಮಂದಿಗೆ ತೆಗೆಸಿ ಎಂದರು. ಬೇಡ ಎಂದ 215 ಮಕ್ಕಳನ್ನು, ಹಿಂದಿನ ತೀರ್ಪು ತಿಳಿಸದೆ, ಬೇರೆ ವೈದ್ಯರಿಗೆ ತೋರಿಸಿದರು. ಅವರು 99 ಮಕ್ಕಳಿಗೆ ಬೇಕು ಎಂದರು. ಉಳಿದ 116 ಮಕ್ಕಳು ಮೂರನೇ ಸಲ ಬಾಯಿ ತೆರೆದಾಗ 51 ಮಂದಿಗೆ ಬೇಕಾಯಿತು. ಸಾವಿರ ಮಕ್ಕಳಲ್ಲಿ ಟಾನ್ಸಿಲ್ ಇರಲಿ ಬಿಡಿ ಅನ್ನಿಸಿಕೊಂಡವರು 65.

ಆ 65 ಮಕ್ಕಳ ನಾಲ್ಕನೇ ತಪಾಸಣೆ ನಡೆಯಲಿಲ್ಲ. ಪರೀಕ್ಷಿಸಲು ಹೊಸ ವೈದ್ಯರು ಉಳಿದಿರಲಿಲ್ಲ.